ಐಎನ್‌ಎಸ್ ಮೈಸೂರು (ಕ್ರೂಸರ್)

ಐಎನ್‌ಎಸ್ ಮೈಸೂರು ಭಾರತೀಯ ನೌಕಾಪಡೆಯ ಕ್ರೂಸರ್ ಯುದ್ಧನೌಕೆಯಾಗಿತ್ತು. ಇದರ ಫಿರಂಗಿಗಳ ಗಾತ್ರವು ಎರಡು ಮಹಾಯುದ್ಧಗಳ ನಡುವಣ ಒಪ್ಪಂದಗಳ ಫಲವಾಗಿದೆ.

1922ರ ವಾಷಿಂಗ್ಟನ್ ಒಪ್ಪಂದವು ಕ್ರೂಸರುಗಳ ತೂಕವನ್ನು 10,000 ಟನ್ನಿಗೂ ಫಿರಂಗಿಯ ಬಾಯಳತೆಯನ್ನು 8 ಅಂಗುಲಕ್ಕೂ ಮಿತಗೊಳಿಸಿತು. 1930ರ ಲಂಡನ್ ಒಪ್ಪಂದದಂತೆ 6.1 ಅಂಗುಲವನ್ನು ಮೀರಿದ ಫಿರಂಗಿಗಳುಳ್ಳವು ಭಾರೀ ಕ್ರೂಸರುಗಳೆಂದೂ ಉಳಿದವು ಲಘು ಕ್ರೂಸರುಗಳೆಂದೂ ವಿಂಗಡಣೆಯಾದವು. 1936ರ ಒಪ್ಪಂದವು ಹೊಸ ಲಘು ಕ್ರೂಸರುಗಳ ತೂಕವನ್ನು 8,000 ಟನ್ನಿಗೆ ಇಳಿಸಿತು.

ಈ ಮಿತಿಯನ್ನು ಅನುಸರಿಸಿ ಬ್ರಿಟನ್ ರೂಪಿಸಿದ ವರ್ಗಕ್ಕೆ ಸೇರಿದ ‘ನೈಜೀರಿಯಾ’ ನೌಕೆಯು ನಾಲ್ಕು ಗೋಪುರಗಳಲ್ಲಿ 6 ಅಂಗುಲದ 12 ಫಿರಂಗಿಗಳನ್ನು ಹೊತ್ತು 1940ರಲ್ಲಿ ಸೇವೆಗಿಳಿಯಿತು. ಮುಂದೆ ಒಂದು ಗೋಪುರವನ್ನು ತೆಗೆದುದರಿಂದ 9 ಫಿರಂಗಿಗಳು ಉಳಿದವು. ಭಾರತವು ಕೊಂಡ ಈ ನೌಕೆ 1957ರ ಆಗಸ್ಟ್ 29ರಂದು ‘ಮೈಸೂರು’ ಎಂಬ ಹೆಸರು ಪಡೆಯಿತು. 1971ರ ಯುದ್ಧದಲ್ಲಿ ಪಶ್ಚಿಮ ನೌಕಾದಳದ ಧ್ವಜನೌಕೆಯಾಗಿದ್ದು, 1985ರಲ್ಲಿ ನಿವೃತ್ತವಾಯಿತು.