ಹರಿದ್ರೆಯ ಜಾಡಿನಲ್ಲಿ ಎರಡು ದಿನ



ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. ದಾವಣಗೆರೆಯಲ್ಲೇ ಇದ್ದಾಳೆ. ಗಂಡ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ, ಈಕೆ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಕುಶಲ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಸ್ವಲ್ಪ ತಡೆದು ಕೇಳಿದಳು: "ಸಾರ್, ಮಕ್ಕಳಿಗೆ ರಜ ಬಂದಿದೆ. ಪಕ್ಕದ ಮನೆಯವರು ಊಟಿಗೆ ಹೋದ್ರು, ಎದುರುಮನೆಯವರು ಗೋವಾಕ್ಕೆ ಹೋದ್ರು. ನಮ್ಮವು ದಿನಾ ಕೇಳ್ತಾವೆ. ಸಾವಿರ ರೂಪಾಯಿ ಒಳಗೆ ನಾಲ್ಕು ಜನ ಎಲ್ಲಿಗಾದ್ರೂ ಹೋಗಿಬರೋ ಹಾಗಿದ್ರೆ ಹೇಳಿ ಸಾರ್."

"ಒಂದೆರಡು ದಿನ ಕೊಡಮ್ಮ, ಯೋಚಿಸಿ ಹೇಳುತ್ತೇನೆ" ಎಂದೆ. ಉತ್ತರ ಗೊತ್ತಿರಲಿಲ್ಲವೆಂದಲ್ಲ. ಆ ಪ್ರಶ್ನೆಯ ಹಿಂದೆ ನನ್ನದೊಂದು ಹಳೆಯ ಬಾಕಿ ಇದೆ. ಅದನ್ನು ಮೊದಲು ಹೇಳಿ, ಅನಂತರ ಊರುಗಳ ವಿಷಯಕ್ಕೆ ಬರುತ್ತೇನೆ.

1983ರ ಮಾತು. ನಾನಾಗ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಜೊತೆಗೆ ಕನ್ನಡವನ್ನೂ ಬೋಧಿಸುತ್ತಿದ್ದೆ. ಮಕ್ಕಳಲ್ಲಿ ಹೆಚ್ಚಿನವರು ಬಟ್ಟೆ ಗಿರಣಿಯ ಕಾರ್ಮಿಕರ ಮನೆಯವರು. ಆ ವರ್ಷ ಮೈಸೂರು, ಶ್ರವಣಬೆಳಗೊಳಗಳಿಗೆ ಮೂರು ದಿನಗಳ ಪ್ರವಾಸ ಏರ್ಪಡಿಸಿದೆವು. ತರಗತಿಯ ಅರ್ಧದಷ್ಟು ಮಕ್ಕಳು ಹಣ ಕಟ್ಟಲಾಗದೆ ಉಳಿದರು. ಕೆಲವರು "ನಾಳೆ ತರ್ತೀನಿ ಸಾರ್" ಎನ್ನುತ್ತಾ ಕೊನೆಯ ದಿನದವರೆಗೂ ದೂಡಿದರು. ಕೆಲವರು ಜ್ವರವೆಂದು ಶಾಲೆಗೇ ಬರಲಿಲ್ಲ. ನಾವು ಹೋಗಿಬಂದ ಮರುದಿನ ನಾನು ಮಾಡಿದ ಅವಿವೇಕವನ್ನು ಕೇಳಿ: ಇಡೀ ತರಗತಿಗೆ 'ನಮ್ಮ ಪ್ರವಾಸ' ಎಂಬ ವಿಷಯದ ಮೇಲೆ ಪ್ರಬಂಧ ಬರೆಯಲು ಹೇಳಿದೆ. ಹೋಗದವರು ಏನು ಬರೆಯಬೇಕೆಂಬ ಯೋಚನೆಯೇ ನನಗೆ ಬರಲಿಲ್ಲ.

ಹಲವರು ಖಾಲಿ ಹಾಳೆ ಕೊಟ್ಟರು. ಒಬ್ಬ ಹುಡುಗ ಮಾತ್ರ, ಅಜ್ಜಿಯೊಡನೆ ಹರಿಹರಕ್ಕೆ ಹೋದದ್ದನ್ನು ಒಂದೂವರೆ ಪುಟ ಬರೆದಿದ್ದ. ಹೊಳೆ ದಂಡೆಯಲ್ಲಿ ಕೂತು ರೊಟ್ಟಿ ತಿಂದದ್ದು, ಗುಡಿಯ ಕಂಬದಲ್ಲಿ ಮುಖ ನೋಡಿಕೊಂಡದ್ದು. ಜೊತೆಗೆ ಈ ಒಂದು ಮಾತು: ಹರಿಹರದಲ್ಲಿ ಹೊಳೆಗೆ ಸೇರುವ ಹಳ್ಳದ ನೀರು ಅಜ್ಜಿಯ ತವರಿನ ಕಡೆಯದು, ಸೂಳೆಕೆರೆಯಿಂದ ಬರುವುದು, ಅದಕ್ಕೇ ಅಜ್ಜಿ ಅಲ್ಲಿ ಕೈಮುಗಿದಳು. ನಾನು ಕೆಂಪು ಶಾಯಿಯಲ್ಲಿ 'ವಿಷಯಾಂತರ' ಎಂದು ಬರೆದು ಹತ್ತಕ್ಕೆ ಎರಡು ಅಂಕ ಕೊಟ್ಟೆ.

ಆ ಹುಡುಗ ಬರೆದದ್ದು ಅಕ್ಷರಶಃ ನಿಜವೆಂದು ನನಗೆ ತಿಳಿದದ್ದು ಕೆಲವು ತಿಂಗಳ ನಂತರ, ಗ್ಯಾಸೆಟಿಯರ್ ಓದುವಾಗ. ಹರಿದ್ರಾ ಎಂಬ ಆ ಹಳ್ಳವನ್ನು ತಡೆದು ಕಟ್ಟಿದ ಕೆರೆಯೇ ಸೂಳೆಕೆರೆ. ಕೆರೆಯಿಂದ ಹೊರಬಿದ್ದ ಹರಿದ್ರೆ ಉತ್ತರಾಭಿಮುಖವಾಗಿ ಹರಿದು ಹರಿಹರದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಹರಿಹರಕ್ಕೆ ಹಿಂದೆ ಕೂಡಲೂರು ಎಂಬ ಹೆಸರು ಬಂದದ್ದೇ ಈ ಸಂಗಮದಿಂದ. ಪಾಠ ಹೇಳುವ ನನಗೆ ಇದು ಗೊತ್ತಿರಲಿಲ್ಲ. ಓದುಬರಹವಿಲ್ಲದ ಆ ಅಜ್ಜಿಗೆ ಗೊತ್ತಿತ್ತು.

ಮರುವರ್ಷದಿಂದ ನಾವು 'ಬುತ್ತಿ ಪ್ರವಾಸ' ಎಂಬುದನ್ನು ಆರಂಭಿಸಿದೆವು. ಮನೆಯಿಂದ ಬುತ್ತಿ, ಬೆಳಗಿನ ಬಸ್ಸು ಅಥವಾ ರೈಲು, ಸಂಜೆಗೆ ಮರಳಿ ಮನೆ. ಯಾರೂ ಉಳಿಯಬಾರದೆಂಬುದೊಂದೇ ನಿಯಮ. ನಿಮ್ಮಲ್ಲಿ ಅನೇಕರು ನನ್ನೊಡನೆ ಬಂದವರೇ. ಆ ಪ್ರವಾಸಗಳಲ್ಲಿ ಕಂಡುಕೊಂಡ ಜಾಡನ್ನೇ ಈಗ ಎರಡು ದಿನಗಳ ಲೆಕ್ಕದಲ್ಲಿ ಬರೆಯುತ್ತಿದ್ದೇನೆ.

ಮೊದಲ ದಿನ ಚನ್ನಗಿರಿಯ ದಾರಿ ಹಿಡಿಯಬೇಕು. ದಾವಣಗೆರೆಯಿಂದ ಸುಮಾರು 40 ಕಿ.ಮೀ. ದೂರದಲ್ಲಿ ಸಂತೆಬೆನ್ನೂರು ಸಿಗುತ್ತದೆ. ಅಲ್ಲಿಯ ಪುಷ್ಕರಣಿಯನ್ನು 16ನೆಯ ಶತಮಾನದಲ್ಲಿ ಕಟ್ಟಿಸಿದವನು ಕೆಂಗ ಹನುಮಪ್ಪ ನಾಯಕ. ಮುಂದೆ ತರೀಕೆರೆಯ ಪಾಳೆಯಗಾರರೆಂದು ಹೆಸರಾದ ಮನೆತನವೇ ಇವರದು. ನಾಲ್ಕೂ ಕಡೆಯಿಂದ ಇಳಿದು ಹೋಗುವ ಕಲ್ಲಿನ ಮೆಟ್ಟಿಲುಗಳು, ನೀರಿನ ನಡುವೆ ಎದ್ದು ನಿಂತ ವಸಂತ ಮಂಟಪ, ದಂಡೆಯ ಮೇಲೆ ಚಿಕ್ಕ ಮಂಟಪಗಳು. ಬೇಸಿಗೆಯಲ್ಲಿ ದೇವರನ್ನು ನೀರಿನ ನಡುವೆ ಕೂಡಿಸಿ ತಂಪು ಮಾಡುವ ವಸಂತೋತ್ಸವದ ಕಲ್ಪನೆಯಿಂದ ಹುಟ್ಟಿದ ಕಟ್ಟಡವಿದು. ಬೇಸಿಗೆಯಲ್ಲಿ ನೋಡಬೇಕಾದ ಸ್ಥಳ ಇದಲ್ಲದೆ ಇನ್ನಾವುದು?

ಪುಷ್ಕರಣಿಯ ಎದುರಿಗೇ ಇರುವ ಕಟ್ಟಡವನ್ನು ಮುಸಾಫಿರ್‌ಖಾನೆ ಎನ್ನುತ್ತಾರೆ. 17ನೆಯ ಶತಮಾನದಲ್ಲಿ ಬಿಜಾಪುರದ ಸೇನೆ ಈ ಸೀಮೆಯನ್ನು ವಶಪಡಿಸಿಕೊಂಡಾಗ ಇಲ್ಲಿದ್ದ ರಂಗನಾಥ ದೇಗುಲ ನಾಶವಾಯಿತು. ಅನಂತರ ಈ ಕಟ್ಟಡ ಎದ್ದಿತು. ಮಕ್ಕಳಿಗೆ ಎರಡನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಜೊತೆಗೆ ಹೆಸರಿನ ಅರ್ಥವನ್ನೂ ಹೇಳಬೇಕು. ಮುಸಾಫಿರ್ ಎಂದರೆ ದಾರಿಹೋಕ. ಮುಸಾಫಿರ್‌ಖಾನೆ ಎಂದರೆ ದಾರಿಹೋಕರ ತಂಗುದಾಣ. ಒಂದು ಕಡೆ ದಣಿದವರಿಗೆ ನೀರಿನ ಮೆಟ್ಟಿಲು, ಇನ್ನೊಂದು ಕಡೆ ನೆರಳಿನ ಹೆಸರು ಹೊತ್ತ ಕಟ್ಟಡ.

ಸಂತೆಬೆನ್ನೂರಿನಿಂದ ಸೂಳೆಕೆರೆ ಹೆಚ್ಚು ದೂರವಿಲ್ಲ. ಸರ್ಕಾರಿ ಕಾಗದಗಳಲ್ಲಿ ಇದರ ಹೆಸರು ಶಾಂತಿಸಾಗರ. ಸ್ವರ್ಗಾವತಿ ಎಂಬ ಪಟ್ಟಣದ ರಾಜಕುಮಾರಿ ಶಾಂತವ್ವ ಈ ಕೆರೆ ಕಟ್ಟಿಸಲು ಹೊರಟಳೆಂದೂ, ಬೇಕಾದ ಭೂಮಿ ವೇಶ್ಯೆಯರಿಗೆ ಸೇರಿತ್ತೆಂದೂ, ಕೆರೆಗೆ ತಮ್ಮ ಹೆಸರನ್ನೇ ಇಡಬೇಕೆಂಬ ಷರತ್ತಿನ ಮೇಲೆ ಅವರು ಭೂಮಿ ಬಿಟ್ಟುಕೊಟ್ಟರೆಂದೂ ಐತಿಹ್ಯವಿದೆ. ಈ ಹೆಸರು ಹೇಳಿದಾಗ ತರಗತಿಯಲ್ಲಿ ಹುಡುಗರು ಕಿಸಕ್ಕನೆ ನಗುತ್ತಿದ್ದುದು ನಿಮಗೆ ನೆನಪಿರಬಹುದು. ಕಥೆ ಮುಗಿಯುವ ಹೊತ್ತಿಗೆ ನಗು ನಿಂತಿರುತ್ತಿತ್ತು. ಮನೆ, ಹೊಲ ಎಲ್ಲವನ್ನೂ ನೀರಿಗೆ ಬಿಟ್ಟವರು ಕೇಳಿದ್ದು ಹೆಸರೊಂದನ್ನೇ. ರಾಜಕುಮಾರಿಯ ಹೆಸರು ಫಲಕಗಳ ಮೇಲಿದೆ. ಸುತ್ತಲಿನ ರೈತರು ಮಾತ್ರ ಇಂದಿಗೂ ಸೂಳೆಕೆರೆ ಎಂದೇ ಕರೆದು ಆ ಮಾತನ್ನು ಉಳಿಸಿಕೊಂಡು ಬಂದಿದ್ದಾರೆ.

ಕೆರೆಯ ಏರಿಯ ಮೇಲೆ ನಿಂತು ಮಕ್ಕಳಿಗೆ ಒಂದು ವಿಷಯ ತೋರಿಸಿ. ಕಣ್ಣು ಹಾಯುವವರೆಗೆ ನೀರು. ಆದರೆ ಅದನ್ನು ಹಿಡಿದು ನಿಲ್ಲಿಸಿರುವ ಏರಿ ಸಾವಿರ ಅಡಿಗೂ ಕಡಿಮೆ ಉದ್ದ. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ಹರಿದ್ರೆ ಹಾದುಹೋಗುವ ಜಾಗವನ್ನೇ ಆರಿಸಿ ಕಟ್ಟಿದ್ದಾರೆ. ನೂರಾರು ವರ್ಷಗಳ ಹಿಂದೆ, ಇಂದಿನ ಯಾವ ಸಲಕರಣೆಯೂ ಇಲ್ಲದ ಕಾಲದಲ್ಲಿ, ಆ ಜಾಗವನ್ನು ಗುರುತಿಸಿದವರ ಕಣ್ಣು ಎಂಥದಿರಬೇಕು! ಸಿದ್ಧನಾಲೆ, ಬಸವನಾಲೆ ಎಂಬ ಎರಡು ಕಾಲುವೆಗಳು ಇಂದಿಗೂ ಗದ್ದೆ ತೋಟಗಳಿಗೆ ನೀರುಣಿಸುತ್ತವೆ. ಚಿತ್ರದುರ್ಗ ನಗರಕ್ಕೂ ಇಲ್ಲಿಂದ ಕುಡಿಯುವ ನೀರು ಹೋಗುತ್ತದೆ. ಏರಿಯ ಹತ್ತಿರ ಸಿದ್ಧೇಶ್ವರನ ಗುಡಿಯಿದೆ. ನೆರಳಿನಲ್ಲಿ ಕೂತು ಬುತ್ತಿ ಬಿಚ್ಚಲು ಇದೇ ಜಾಗ.

ಎರಡನೆಯ ದಿನ ಹರಿಹರ. ದಾವಣಗೆರೆಯಿಂದ 14 ಕಿ.ಮೀ. ಅಷ್ಟೆ. ಬಸ್ಸುಗಳು ಸದಾ ಇವೆ. ಆದರೂ ಮಕ್ಕಳನ್ನು ರೈಲಿನಲ್ಲೇ ಕರೆದೊಯ್ಯಿರಿ. ಈ ರೈಲುದಾರಿಗೂ ಒಂದು ಚರಿತ್ರೆಯಿದೆ. 1876-78ರ ಭೀಕರ ಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಲಕ್ಷಾಂತರ ಜನ ಸತ್ತರು. ಧಾನ್ಯ ಸಾಗಿಸಲು ರೈಲು ಎಷ್ಟು ಅಗತ್ಯವೆಂಬುದು ಆಗ ಮನವರಿಕೆಯಾಯಿತು. ಬೆಂಗಳೂರಿನಿಂದ ತುಮಕೂರು, ಗುಬ್ಬಿಗಳವರೆಗೆ ಬಂದಿದ್ದ ಮಾರ್ಗ 1889ರಲ್ಲಿ ಹರಿಹರವನ್ನು ಮುಟ್ಟಿತು. ಅದಕ್ಕೂ ಮೊದಲೇ, 1868ರಲ್ಲಿ, ಬೆಂಗಳೂರು-ಧಾರವಾಡ ಹೆದ್ದಾರಿಗಾಗಿ ತುಂಗಭದ್ರೆಗೆ ಕಮಾನು ಸೇತುವೆ ಕಟ್ಟಿದ್ದರು. ಮೈಸೂರು ಸಂಸ್ಥಾನ ಇಲ್ಲಿಗೆ ಮುಗಿದು ಹೊಳೆಯ ಆಚೆಗೆ ಮುಂಬಯಿ ಪ್ರಾಂತ ಶುರುವಾಗುತ್ತಿತ್ತು. ಇತ್ತ ಕನ್ನಡ, ಅತ್ತಲೂ ಕನ್ನಡ. ನಡುವೆ ಎರಡು ಆಡಳಿತಗಳ ಗಡಿ. ಆ ಗಡಿ ಅಳಿದದ್ದು 1956ರ ನವೆಂಬರ್ 1ರಂದು. ದಂಡೆಯಲ್ಲಿ ನಿಂತು ಇದನ್ನು ಹೇಳಿದರೆ ಏಕೀಕರಣದ ಪಾಠವನ್ನು ಮತ್ತೆ ಬಾಯಿಪಾಠ ಮಾಡಿಸಬೇಕಾಗಿಲ್ಲ.

ಹರಿಹರೇಶ್ವರ ದೇವಾಲಯವನ್ನು 1224ರ ಸುಮಾರಿಗೆ ಕಟ್ಟಿಸಿದವನು ಹೊಯ್ಸಳ ಇಮ್ಮಡಿ ವೀರನರಸಿಂಹನ ಮಂತ್ರಿಯೂ ದಂಡನಾಯಕನೂ ಆಗಿದ್ದ ಪೋಲಾಳ್ವ. ಮುಂದೆ 1268ರಲ್ಲಿ, ಮುಮ್ಮಡಿ ನರಸಿಂಹನ ದಂಡನಾಯಕ ಸೋಮ ಇದಕ್ಕೆ ಇನ್ನಷ್ಟು ಸೇರಿಸಿದ. ಸೋಮನಾಥಪುರದ ಪ್ರಸಿದ್ಧ ಕೇಶವ ದೇವಾಲಯವನ್ನು ಕಟ್ಟಿಸಿದವನೂ ಈತನೇ. ಬೇಲೂರು, ಹಳೇಬೀಡುಗಳಂತೆ ಗೋಡೆ ತುಂಬ ಶಿಲ್ಪವನ್ನು ಇಲ್ಲಿ ಹುಡುಕಬೇಡಿ. ಇಲ್ಲಿಯ ಸೊಗಸಿರುವುದು ವಿಶಾಲವಾದ ತೆರೆದ ಮಂಟಪದಲ್ಲಿ, ಕಡೆದು ನುಣುಪು ಮಾಡಿದ ಕಂಬಗಳಲ್ಲಿ. ಬಿಸಿಲು ಎಷ್ಟಿದ್ದರೂ ಒಳಗೆ ತಂಪು. ಗರ್ಭಗುಡಿಯ ವಿಗ್ರಹ ಒಂದು ಪಾರ್ಶ್ವದಲ್ಲಿ ಹರ, ಇನ್ನೊಂದು ಪಾರ್ಶ್ವದಲ್ಲಿ ಹರಿ. ಗುಹಾಸುರನೆಂಬ ರಾಕ್ಷಸನನ್ನು ಕೊಲ್ಲಲು ಇಬ್ಬರೂ ಒಂದಾದರೆಂಬುದು ಸ್ಥಳಪುರಾಣ. ಶೈವ-ವೈಷ್ಣವ ವೈಮನಸ್ಯದ ಕಾಲದಲ್ಲಿ, ಎರಡೂ ಕಡೆಯವರು ಒಂದೇ ಬಾಗಿಲಲ್ಲಿ ಬಂದು ಕೈಮುಗಿಯುವಂಥ ಗುಡಿ ಕಟ್ಟಿದ್ದು ಸಣ್ಣ ಕೆಲಸವಲ್ಲ. ಆವರಣದಲ್ಲಿ ಶಾಸನಗಳು ನಿಂತಿವೆ. ಬಿ. ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ 11ನೆಯ ಸಂಪುಟದಲ್ಲಿ ಇಲ್ಲಿಯ ಶಾಸನಗಳು ಅಚ್ಚಾಗಿವೆ. ಮಕ್ಕಳಿಗೆ ಹಳಗನ್ನಡ ಅರ್ಥವಾಗದಿದ್ದರೂ ಚಿಂತೆಯಿಲ್ಲ. ತಮಗೆ ಗುರುತು ಸಿಗುವ ಅಕ್ಷರಗಳನ್ನು ಹುಡುಕಲಿ. ಅದೊಂದು ಒಳ್ಳೆಯ ಆಟ.

ದರ್ಶನ ಮುಗಿಸಿ ಹೊಳೆಯ ಕಡೆಗೆ ನಡೆಯಿರಿ. ಹಿಂದಿನ ದಿನ ಏರಿಯ ಮೇಲಿಂದ ನೋಡಿದ ಹರಿದ್ರೆ ಇಲ್ಲಿ ತುಂಗಭದ್ರೆಯಲ್ಲಿ ಕರಗುತ್ತದೆ. ಬೇಸಿಗೆಯಲ್ಲಿ ಹಳ್ಳ ಸೊರಗಿರುತ್ತದೆ, ಕೆಲವೆಡೆ ಕೊಳಕೂ ಆಗಿರುತ್ತದೆ. ಅದೂ ಪಾಠವೇ. ಮಕ್ಕಳು ಅದನ್ನೂ ನೋಡಲಿ.

ಈಗ ಖರ್ಚಿನ ವಿಚಾರ. ಹರಿಹರದ ಗುಡಿಗಾಗಲಿ, ಸೂಳೆಕೆರೆಯ ಏರಿಗಾಗಲಿ ಪ್ರವೇಶ ಶುಲ್ಕವೆಂಬುದಿಲ್ಲ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದಾಗಿ, ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಗುರುತಿನ ಚೀಟಿ ಮರೆಯಬೇಡಿ. ನಮ್ಮ ಸೀಮೆಯಲ್ಲಿ ಖಾಸಗಿ ಬಸ್ಸುಗಳು ಹೆಚ್ಚು, ಅವುಗಳಲ್ಲಿ ಈ ಸೌಲಭ್ಯವಿಲ್ಲ; ಹತ್ತುವ ಮೊದಲು ನೋಡಿಕೊಳ್ಳಿ. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು ಬುತ್ತಿ ಮನೆಯಿಂದಲೇ ಆಗಲಿ. ಉಳಿದ ಹಣದಲ್ಲಿ ಸಂಜೆ ಊರಿಗೆ ಮರಳಿ ಮಂಡಕ್ಕಿ, ಮೆಣಸಿನಕಾಯಿ ಕೊಡಿಸಿ. ಬೆಳಗಿನ ಆರು ಗಂಟೆಗೆ ಹೊರಟರೆ ಬಿಸಿಲೇರುವ ಮುನ್ನವೇ ಅರ್ಧ ನೋಡಿ ಮುಗಿದಿರುತ್ತದೆ. ಒಂದು ಎಚ್ಚರಿಕೆ: ಹೊಳೆಯಲ್ಲಿ ನೀರು ಕಡಿಮೆಯಿದೆಯೆಂದು ಮಕ್ಕಳನ್ನು ಇಳಿಸಬೇಡಿ. ಮರಳು ತೆಗೆದ ಗುಂಡಿಗಳು ಮೇಲಿಂದ ಕಾಣುವುದಿಲ್ಲ. ಪುಷ್ಕರಣಿಯಲ್ಲೂ ಕೊನೆಯ ಮೆಟ್ಟಿಲವರೆಗೆ ಬಿಡಬೇಡಿ.

ಇಷ್ಟೆಲ್ಲ ಬರೆದ ಮೇಲೆ ನನಗನ್ನಿಸುವುದು ಇದು. ಕೈಯಲ್ಲಿ ಹಣವಿಲ್ಲವೆಂದು ಹತ್ತಿರದ ಊರುಗಳಿಗೆ ಹೋಗುವುದನ್ನು ನಾವು ಒಂದು ಕೊರತೆಯಂತೆ ಭಾವಿಸುತ್ತೇವೆ. ಮಕ್ಕಳ ಮುಂದೆ ಸಂಕೋಚಪಡುತ್ತೇವೆ. ಆದರೆ ಮೆಟ್ಟಿಲುಗಳ ಈ ಕೊಳ, ಕೆರೆ, ಸೇತುವೆ, ನೆರಳಿನ ಮಂಟಪ ಇವೆಲ್ಲ ಯಾರಿಗಾಗಿ ಆದವು? ನಮ್ಮ ಹಿರಿಯರು ಜಾತ್ರೆಗೆ, ಹೊಳೆಯ ಸ್ನಾನಕ್ಕೆ, ನೆಂಟರ ಊರಿಗೆ ಬುತ್ತಿಗಂಟು ಹೊತ್ತು ಗಾಡಿಯಲ್ಲೋ ಕಾಲ್ನಡಿಗೆಯಲ್ಲೋ ಹೋದರು. ಅಂಥವರು ಬಂದು ಕೂರಲೆಂದೇ ಇವಕ್ಕೆ ಬಾಗಿಲು, ಬೀಗ ಇರಲಿಲ್ಲ. ಬರಿಗೈಯಲ್ಲಿ ಬಂದವನು ಇಲ್ಲಿ ಪರಕೀಯನಲ್ಲ.

ಮೊನ್ನೆ ಆ ನನ್ನ ವಿದ್ಯಾರ್ಥಿನಿಗೆ ಇದನ್ನೆಲ್ಲ ಹೇಳಿದೆ. "ಸಾರ್, ನೀವು ನಮ್ಮನ್ನ ಕರ್ಕೊಂಡು ಹೋಗಿದ್ದು ಇದೇ ಅಲ್ವಾ? ನಾನೇ ಮರೆತಿದ್ದೆ ನೋಡಿ" ಎಂದಳು. ಬರುವ ಭಾನುವಾರ ಹೊರಡುತ್ತಾರಂತೆ.

ಆ ಹುಡುಗನ ವಿಷಯ ಉಳಿಯಿತು. ಹತ್ತನೆಯ ತರಗತಿ ಮುಗಿಸಿ ಅವನು ಶಾಲೆ ಬಿಟ್ಟ. ಆಗಿನ ಗಿರಣಿಗಳಲ್ಲಿ ಹೆಚ್ಚಿನವು ಮುಂದೆ ಮುಚ್ಚಿದವು, ಕುಟುಂಬಗಳು ಚದುರಿದವು. ಅವನೆಲ್ಲಿದ್ದಾನೆಂದು ನಾನರಿಯೆ. ಈಗ ಅವನಿಗೂ ಐವತ್ತೈದು ದಾಟಿರಬೇಕು. ಅಪ್ಪಾ, ಇದು ಎಂದಾದರೂ ನಿನ್ನ ಕಣ್ಣಿಗೆ ಬಿದ್ದರೆ ತಿಳಿದುಕೋ: ಅಂದು ನಾನು ಬರೆದ ಕೆಂಪು ಷರಾ ತಪ್ಪು. ನಿನ್ನ ಅಜ್ಜಿ ಹೇಳಿದ್ದು ಸರಿ, ನೀನು ಬರೆದದ್ದೂ ಸರಿ. ಮುಂದೆ ಇಪ್ಪತ್ತು ವರ್ಷ ನಾನು ಮಕ್ಕಳನ್ನು ಕರೆದೊಯ್ದದ್ದು ನೀನು ತೋರಿಸಿದ ದಾರಿಯಲ್ಲೇ.

ಎಲ್ಲರಿಗೂ ಆಶೀರ್ವಾದಗಳು.

ನಿಮ್ಮ ಮೇಷ್ಟ್ರು