ಸರಸ್ವತೀ ಭಂಡಾರದಿಂದ ಸಾರ್ವಜನಿಕ ಗ್ರಂಥಾಲಯಕ್ಕೆ

ಗ್ರಂಥಗಳನ್ನು ಸಂಗ್ರಹಿಸಿ ಕಾಪಾಡುವುದು ಒಂದು ಧರ್ಮ. ಕಾಪಾಡಿದುದನ್ನು ಬೇಡಿದವರ ಕೈಗೆ ಮುಟ್ಟಿಸುವುದು ಎರಡನೆಯ ಧರ್ಮ. ಕೈಗೆ ಮುಟ್ಟಿದುದನ್ನು ಓದಿ ಬಾಳಿಗೆ ತಂದುಕೊಳ್ಳುವುದು ಮೂರನೆಯ ಧರ್ಮ. ಮೊದಲನೆಯದನ್ನು ನಮ್ಮ ಪೂರ್ವಿಕರು ಶ್ರದ್ಧೆಯಿಂದ ನಡೆಸಿದರು. ಎರಡನೆಯದನ್ನು ಈಚಿನ ನೂರು ವರ್ಷಗಳಲ್ಲಿ ಸಂಸ್ಥಾನಗಳೂ ಸರಕಾರಗಳೂ ಕೈಗೊಂಡುವು. ಮೂರನೆಯದು ಮಾತ್ರ ಅರಸರಿಂದಲೂ ಆಗದು, ಶಾಸನದಿಂದಲೂ ಆಗದು. ಅದು ಗೃಹಸ್ಥರಾದ ನಮ್ಮ ನಿಮ್ಮೆಲ್ಲರದು. ಈ ಮೂರೂ ಒಂದಕ್ಕೊಂದು ಹೇಗೆ ಹೊಂದಿಕೊಂಡಿರುವುವೆಂಬುದನ್ನು ಕನ್ನಡ ನಾಡಿನ ಚರಿತ್ರೆಯಿಂದಲೇ ತೋರಿಸಬಹುದಾಗಿದೆ.

ಕಲಬುರಗಿ ಜಿಲ್ಲೆಯ ಚಿತ್ತಾಪುರದ ಸಮೀಪದಲ್ಲಿ ನಾಗಾವಿ ಎಂಬ ಗ್ರಾಮವುಂಟು. ಕಲ್ಯಾಣದ ಚಾಲುಕ್ಯರಲ್ಲಿ ಪ್ರಸಿದ್ಧನಾದ ಒಂದನೆಯ ಸೋಮೇಶ್ವರನ ಕಾಲದಲ್ಲಿ ಅಲ್ಲಿ ದೊಡ್ಡದೊಂದು ಘಟಿಕಾಸ್ಥಾನವಿದ್ದಿತು. ಕ್ರಿ. ಶ. ೧೦೫೮ರ ಶಾಸನವೊಂದು ಅಲ್ಲಿಯ ವಿದ್ಯಾರ್ಥಿಗಳಿಗೂ ಉಪಾಧ್ಯಾಯರಿಗೂ ಮಾಡಿಕೊಟ್ಟ ವೃತ್ತಿಗಳನ್ನು ಹೇಳುವಾಗ, ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ಹೆಸರಿಸುತ್ತದೆ. ಭಂಡಾರಿಗರೆಂದರೆ ಪುಸ್ತಕಗಳ ಪಾಲಕರು. ಓಲೆಯ ಗರಿಗಳನ್ನು ಹುಳುವಿನಿಂದಲೂ ತೇವದಿಂದಲೂ ಕಾಪಾಡುವುದು, ಕಟ್ಟುಗಳನ್ನು ಕ್ರಮವಾಗಿಡುವುದು, ಸವೆದುದನ್ನು ಮರುಬರೆಯಿಸುವುದು, ಇವೆಲ್ಲವೂ ದಿನದಿನದ ದುಡಿಮೆ. ಈ ದುಡಿಮೆಯೂ ಉಪಾಧ್ಯಾಯ ವೃತ್ತಿಯಂತೆ ಜೀವನಾಧಾರಕ್ಕೆ ಅರ್ಹವಾದುದೆಂದು ಒಂಬೈನೂರು ವರ್ಷಗಳಿಗೂ ಹಿಂದೆಯೇ ನಮ್ಮವರು ತಿಳಿದಿದ್ದರು.

ಜೈನರಲ್ಲಿ ಶಾಸ್ತ್ರದಾನವು ನಾಲ್ಕು ದಾನಗಳಲ್ಲಿ ಒಂದೆಂದು ಎಣಿಸಲ್ಪಟ್ಟಿದೆ. ದಾನಚಿಂತಾಮಣಿ ಎಂಬ ಬಿರುದನ್ನು ಪಡೆದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬ ಕೀರ್ತಿಯುಳ್ಳವಳು. ಮುದ್ರಣವಿಲ್ಲದ ಹತ್ತನೆಯ ಶತಮಾನದ ಕೊನೆಯಲ್ಲಿ ಸಾವಿರ ಪ್ರತಿಗಳೆಂದರೆ ಅದೆಷ್ಟು ಲೇಖಕರ ಅದೆಷ್ಟು ದಿನಗಳ ಕೆಲಸವಿರಬೇಕು! ಕಾವ್ಯವು ಒಂದು ಮನೆಯಲ್ಲಿ ಭದ್ರವಾಗಿದ್ದರೆ ಸಾಲದು, ಹಲವರ ಮುಂದೆ ತೆರೆದಿರಬೇಕೆಂಬ ಭಾವವು ಈ ದಾನದಲ್ಲಿ ಮೊಳಕೆಯೊಡೆದಿರುವುದನ್ನು ಕಾಣಬಹುದು.

ಆದರೂ ಹಳೆಯ ಭಂಡಾರಗಳ ಬಾಗಿಲು ಸಾಮಾನ್ಯವಾಗಿ ಎಲ್ಲರಿಗೂ ತೆರೆದಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳಲೇಬೇಕು. ಮೂಡುಬಿದಿರೆಯಲ್ಲಿ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯೂ, ಅದರ ಜೊತೆಯ ಮಹಾಗ್ರಂಥಗಳೂ ಹಳಗನ್ನಡ ಲಿಪಿಯ ತಾಳೆಯೋಲೆಗಳಲ್ಲಿ ಉಳಿದುಬಂದುವು. ಅವುಗಳನ್ನು ಶತಮಾನಗಳವರೆಗೆ ಕಾಪಾಡಿದವರಿಗೆ ಜಗತ್ತೇ ಋಣಿಯಾಗಿರಬೇಕು. ಆದರೆ ಅಷ್ಟು ಕಾಲವೂ ಭಕ್ತರು ಅವುಗಳ ದರ್ಶನವನ್ನು ಪಡೆದರೇ ಹೊರತು ವಿದ್ವಾಂಸರು ಅವುಗಳ ಅರ್ಥವನ್ನು ಪಡೆಯಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಪ್ರತಿಗಳು ಮೆಲ್ಲಮೆಲ್ಲನೆ ಸಿದ್ಧವಾಗಿ, ೧೯೩೯ರಲ್ಲಿ ಧವಲೆಯ ಮೊದಲ ಸಂಪುಟವು ಅಚ್ಚಾಗಿ ಹೊರಬಂದಮೇಲೆಯೇ ಆ ಗ್ರಂಥರಾಶಿಯು ಅಧ್ಯಯನಕ್ಕೆ ದೊರೆತುದು. ಇಲ್ಲಿ ಮೊದಲನೆಯ ಧರ್ಮವು ಪೂರ್ಣವಾಗಿ ನಡೆಯಿತು; ಎರಡನೆಯದು ಬಹುಕಾಲ ತಡೆಯಿತು.

ಇದಕ್ಕೆ ಬೇರೆ ಬಗೆಯ ನಿದರ್ಶನವು ಮೈಸೂರಿನದು. ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ, ೧೮೯೧ರಲ್ಲಿ, ಪ್ರಾಚ್ಯ ಕೋಶಾಗಾರವು ಸ್ಥಾಪಿತವಾಯಿತು. ತಂಜಾವೂರು ಪ್ರಾಂತದ ಒಬ್ಬ ಪಂಡಿತರು ತಮ್ಮಲ್ಲಿದ್ದ ಓಲೆಯ ಕಟ್ಟೊಂದನ್ನು ತಂದು ಆ ಭಂಡಾರಕ್ಕೆ ಒಪ್ಪಿಸಿದರು. ಅಲ್ಲಿ ಗ್ರಂಥಪಾಲಕರಾಗಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳು ಅದನ್ನು ಬಿಚ್ಚಿ ಓದಿ, ಇದು ಹೆಸರಿನಿಂದ ಮಾತ್ರ ಕೇಳಿಬರುತ್ತಿದ್ದ ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದರು. ೧೯೦೫ರಿಂದ ಅದರ ಭಾಗಗಳ ಇಂಗ್ಲಿಷ್ ಅನುವಾದವೂ, ೧೯೦೯ರಲ್ಲಿ ಮೂಲವೂ, ೧೯೧೫ರಲ್ಲಿ ಸಮಗ್ರವಾದ ಅನುವಾದವೂ ಪ್ರಕಟವಾದುವು. ಪ್ರಾಚೀನ ಭಾರತೀಯರು ಪರಲೋಕವನ್ನಲ್ಲದೆ ರಾಜ್ಯಾಡಳಿತವನ್ನು ಶಾಸ್ತ್ರೀಯವಾಗಿ ಚಿಂತಿಸಲಿಲ್ಲವೆಂದು ಹೇಳುತ್ತಿದ್ದವರ ಮಾತಿಗೆ ಆ ಒಂದು ಕಟ್ಟು ಉತ್ತರವಾಯಿತು.

ಇಲ್ಲಿ ಗಮನಿಸತಕ್ಕ ವಿಷಯಗಳು ಮೂರು. ಓಲೆಯನ್ನು ತಂದ ಪಂಡಿತರು ಅದನ್ನು ತಮ್ಮ ಮನೆಯ ಅಟ್ಟದಲ್ಲಿಯೇ ಇಟ್ಟುಕೊಂಡಿದ್ದರೆ ಅದು ಗೆದ್ದಲಿನ ಪಾಲಾಗಬಹುದಾಗಿತ್ತು. ಅದನ್ನು ಸ್ವೀಕರಿಸುವುದಕ್ಕೆ ಸಂಸ್ಥೆಯೊಂದು ಇಲ್ಲದಿದ್ದರೆ ತರುವುದಕ್ಕೆ ಸ್ಥಳವೇ ಇರುತ್ತಿರಲಿಲ್ಲ. ಸಂಸ್ಥೆಯಿದ್ದೂ ಬಿಚ್ಚಿ ಓದುವ ಶಾಸ್ತ್ರಿಗಳು ಇಲ್ಲದಿದ್ದರೆ ಅದು ಪಟ್ಟಿಯ ಒಂದು ಸಾಲಾಗಿ ಉಳಿಯುತ್ತಿತ್ತು. ಕೊಟ್ಟವರು, ಇಟ್ಟವರು, ಓದಿದವರು, ಈ ಮೂವರೂ ಕೂಡಿದುದರಿಂದಲೇ ಆ ಫಲವು ದೊರೆಯಿತು.

ವಿದ್ವಾಂಸರಿಗೆ ಮೀಸಲಾದ ಕೋಶಾಗಾರದಿಂದ ಸರ್ವಜನರ ಗ್ರಂಥಾಲಯಕ್ಕೆ ದಾರಿ ತೆರೆದ ಕೀರ್ತಿಯು ವಿಶೇಷವಾಗಿ ಬರೋಡೆಯ ಸಯಾಜಿರಾವ್ ಗಾಯಕವಾಡರದು. ಅಮೆರಿಕಾದಲ್ಲಿ ಜನಸಾಮಾನ್ಯರ ಗ್ರಂಥಾಲಯಗಳನ್ನು ಕಂಡ ಆ ಮಹಾರಾಜರು ಅಲ್ಲಿಂದ ಬೋರ್ಡನ್ ಎಂಬ ಅನುಭವಿಯನ್ನು ೧೯೧೦ರಲ್ಲಿ ಕರೆಯಿಸಿ, ರಾಜಧಾನಿಯಿಂದ ಹಳ್ಳಿಯವರೆಗೆ ಗ್ರಂಥಾಲಯಗಳ ಸರಪಣಿಯನ್ನೇ ಕಟ್ಟಿಸಿದರು. ಪುಸ್ತಕಗಳನ್ನು ತುಂಬಿದ ಪೆಟ್ಟಿಗೆಗಳು ಊರೂರಿಗೆ ಸಂಚರಿಸಿದುವು. ಅಲ್ಲಿಯ ನಿಯಮವೊಂದು ಸ್ಮರಣೀಯವಾದುದು: ಗ್ರಂಥಾಲಯ ಬೇಕೆನ್ನುವ ಊರಿನವರು ತಮ್ಮ ಪಾಲಿನ ಹಣವನ್ನು ಕೂಡಿಸಿದರೆ ಮಾತ್ರ ಸರಕಾರವೂ ಪ್ರಾಂತ ಪಂಚಾಯತಿಯೂ ತಮ್ಮ ಪಾಲನ್ನು ಕೂಡಿಸುತ್ತಿದ್ದುವು. ಕೊಟ್ಟವನಿಗೆ ತನ್ನದೆಂಬ ಅಭಿಮಾನ ಹುಟ್ಟುವುದೆಂಬ ಲೋಕಾನುಭವವು ಈ ನಿಯಮದಲ್ಲಿ ಅಡಗಿದೆ.

ಮೈಸೂರು ಸಂಸ್ಥಾನದಲ್ಲಿಯೂ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ (೧೯೧೨–೧೯೧೮) ಬೆಂಗಳೂರು ಮತ್ತು ಮೈಸೂರು ನಗರಗಳಲ್ಲಿ ಸಾರ್ವಜನಿಕ ಗ್ರಂಥಾಲಯಗಳು ಏರ್ಪಟ್ಟುವು. ಕಬ್ಬನ್ ಉದ್ಯಾನದಲ್ಲಿ ಶೇಷಾದ್ರಿ ಅಯ್ಯರವರ ಸ್ಮಾರಕವಾಗಿ ನಿಂತ ಕೆಂಪು ಬಣ್ಣದ ಮಂದಿರವನ್ನು ಅರಿಯದವರಾರು? ೧೯೨೪ರಲ್ಲಿ ಬೆಳಗಾವಿಯಲ್ಲಿ ಗಾಂಧಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಮಹಾಸಭೆಯು ನೆರೆದಾಗ, ಅದೇ ಊರಿನಲ್ಲಿ ಚಿತ್ತರಂಜನ ದಾಸರ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ಗ್ರಂಥಾಲಯ ಸಮ್ಮೇಳನವೂ ನೆರೆಯಿತು. ಸ್ವರಾಜ್ಯದ ಚಿಂತೆಯುಳ್ಳವರಿಗೆ ಓದಿನ ಚಿಂತೆಯೂ ಅದರ ಅಂಗವಾಗಿಯೇ ತೋರಿದ್ದಿತು.

ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿದ್ದ ರಂಗನಾಥನ್‌ರವರು ೧೯೩೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಶಾಸ್ತ್ರಕ್ಕೆ ಐದು ಸೂತ್ರಗಳನ್ನು ವಿಧಿಸಿದರು. ಪುಸ್ತಕವಿರುವುದು ಬಳಕೆಗಾಗಿಯೇ ಹೊರತು ಕಾವಲಿಗಾಗಿ ಅಲ್ಲವೆಂಬುದು ಮೊದಲನೆಯದರ ತಾತ್ಪರ್ಯ. ಗಣಿತದ ಅಧ್ಯಾಪಕರಾಗಿದ್ದ ಆ ಮಹನೀಯರು ಕೊನೆಗಾಲದಲ್ಲಿ ಬೆಂಗಳೂರಿನಲ್ಲಿ ನೆಲೆಸಿ, ೧೯೭೨ರಲ್ಲಿ ಅಲ್ಲಿಯೇ ದೇಹಬಿಟ್ಟರು. ೧೯೪೮ರಲ್ಲಿ ಮದ್ರಾಸು ಪ್ರಾಂತದಲ್ಲಿಯೂ, ೧೯೬೫ರಲ್ಲಿ ನಮ್ಮ ರಾಜ್ಯದಲ್ಲಿಯೂ ಸಾರ್ವಜನಿಕ ಗ್ರಂಥಾಲಯಗಳ ಶಾಸನವು ಅಂಗೀಕೃತವಾಯಿತು. ಆ ಶಾಸನದ ಪ್ರಕಾರ ಮನೆ ನಿವೇಶನಗಳ ತೆರಿಗೆಯೊಂದಿಗೆ ಗ್ರಂಥಾಲಯ ಕರವೂ ವಸೂಲಾಗುತ್ತದೆ.

ಈ ಕರದ ವಿಷಯವನ್ನು ಗೃಹಸ್ಥರು ಸ್ವಲ್ಪ ಆಲೋಚಿಸಬೇಕು. ವರ್ಷಕ್ಕೊಮ್ಮೆ ತೆರಿಗೆಯ ರಶೀದಿಯನ್ನು ಮಡಿಸಿ ಪೆಟ್ಟಿಗೆಯಲ್ಲಿಡುವ ನಮ್ಮಲ್ಲಿ ಎಷ್ಟು ಮಂದಿ ಅದರಲ್ಲಿಯ ಈ ಬಾಬನ್ನು ಓದಿರುವೆವು? ಬರೋಡೆಯ ಹಳ್ಳಿಗನು ಇಚ್ಛೆಪಟ್ಟು ಕೊಟ್ಟ ಪಾಲನ್ನು ನಾವು ಅರಿಯದೆ ಕೊಡುತ್ತಿರುವೆವು. ಅರಿಯದೆ ಕೊಟ್ಟುದರಲ್ಲಿ ಅಭಿಮಾನ ಹುಟ್ಟದು; ಅಭಿಮಾನವಿಲ್ಲದ ಕಡೆ ಹೋಗಿ ಕೇಳುವ ಮನಸ್ಸೂ ಬಾರದು. ಬಾವಿಯನ್ನು ತೋಡಿಸುವುದಕ್ಕೆ ಹಣ ಕೊಟ್ಟು ನೀರು ಸೇದಲು ಹೋಗದವನ ಸ್ಥಿತಿಯು ನಮ್ಮದು.

ಇನ್ನು ಪ್ರಯೋಜನದ ಮಾತು. ಪರರ ಕೈಸೇರಿದ ಪುಸ್ತಕವು ಮರಳಿ ಬಾರದೆಂದು ಹಳೆಯ ಪಂಡಿತರು ನೊಂದು ನುಡಿಯುತ್ತಿದ್ದರು. ಕೊಟ್ಟುದು ಹಿಂದಿರುಗಿ, ಮತ್ತೊಬ್ಬನ ಕೈಗೆ ಹೋಗಿ, ಮರಳಿ ಬರುವಂತೆ ಕ್ರಮವನ್ನು ಏರ್ಪಡಿಸಿದುದೇ ಗ್ರಂಥಾಲಯದ ಮೊದಲ ಉಪಕಾರ. ಎರಡನೆಯದಾಗಿ, ಮನೆಯಲ್ಲಿ ಇಟ್ಟುಕೊಳ್ಳಲಾಗದ ಆಕರಗ್ರಂಥಗಳಿವೆ. ಕಿಟ್ಟೆಲ್‌ರವರ ೧೮೯೪ರ ನಿಘಂಟು, ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು, ರೈಸ್‌ರವರು ೧೮೮೬ರಿಂದ ಹೊರತರತೊಡಗಿದ ಕರ್ನಾಟಕ ಶಾಸನಗಳ ಸಂಪುಟಗಳು, ಇವುಗಳನ್ನೆಲ್ಲ ಸಾಮಾನ್ಯ ಸಂಸಾರಿಯು ಕೊಂಡು ಎಲ್ಲಿ ಇಟ್ಟಾನು? ತನ್ನ ಊರ ದೇವಾಲಯದ ಕಲ್ಲಿನಲ್ಲಿ ಏನು ಬರೆದಿದೆಯೆಂದು ತಿಳಿಯಬಯಸುವ ಹುಡುಗನು ಜಿಲ್ಲಾ ಕೇಂದ್ರದ ದೊಡ್ಡ ಗ್ರಂಥಾಲಯದಲ್ಲಿ ಆ ಶಾಸನ ಸಂಪುಟವನ್ನು ತೆರೆದನಾದರೆ, ಚರಿತ್ರೆಯು ಅವನಿಗೆ ಪರೀಕ್ಷೆಯ ಪಾಠವಾಗಿ ಉಳಿಯದೆ ತನ್ನ ಮನೆಯ ಕಥೆಯಾಗುವುದು.

ಮೂರನೆಯ ಪ್ರಯೋಜನವು ಎಲ್ಲಕ್ಕಿಂತ ದೊಡ್ಡದು. ಹಿಂದೆ ವಿದ್ಯೆಯು ಕುಲವನ್ನೂ ಗುರುಗೃಹವನ್ನೂ ಅವಲಂಬಿಸಿದ್ದಿತು. ಗುರುವು ಒಪ್ಪಿದವನಿಗೆ ಗ್ರಂಥ, ಒಪ್ಪದವನಿಗೆ ಇಲ್ಲ. ಸಂಸ್ಕೃತ ಪಾಠಶಾಲೆಯಲ್ಲಿ ಬೆಳೆದ ನನಗೆ ಆ ಕ್ರಮದ ಗುಣಗಳು ಗೊತ್ತು. ಆ ಕ್ರಮದಿಂದ ಹೊರಗುಳಿದವರೆಷ್ಟು ಮಂದಿ ಎಂಬುದೂ ಗೊತ್ತು. ಇಂದು ಗ್ರಾಮ ಪಂಚಾಯತಿಯ ಗ್ರಂಥಾಲಯದ ಬಾಗಿಲಲ್ಲಿ ನಿಂತ ಕೂಲಿಕಾರನ ಮಗಳನ್ನು, ನೀನು ಯಾರ ಮನೆಯವಳು ಎಂದು ಕೇಳಿ ತಡೆಯುವ ಅಧಿಕಾರ ಯಾರಿಗೂ ಇಲ್ಲ. ನಮ್ಮ ರಾಜ್ಯದಲ್ಲಿ ಅಂತಹ ಗ್ರಂಥಾಲಯಗಳು ಐದು ಸಾವಿರಕ್ಕೂ ಮಿಕ್ಕು ಇವೆ. ಅವು ೨೦೧೯ರಲ್ಲಿ ಪಂಚಾಯತಿ ಇಲಾಖೆಯ ಆಶ್ರಯಕ್ಕೆ ಬಂದಮೇಲೆ, ‘ಓದುವ ಬೆಳಕು’ ಎಂಬ ಕಾರ್ಯಕ್ರಮದ ಮೂಲಕ ೨೦೨೦ರಿಂದ ಮಕ್ಕಳನ್ನು ಶುಲ್ಕವಿಲ್ಲದೆ ಸದಸ್ಯರನ್ನಾಗಿ ಸೇರಿಸಿಕೊಳ್ಳುವ ಪ್ರಯತ್ನವೂ ನಡೆಯಿತು. ನಾಗಾವಿಯ ಭಂಡಾರಿಗರು ಕನಸಿನಲ್ಲಿಯೂ ಕಾಣದಿದ್ದ ವಿಸ್ತಾರವಿದು.

ಕೈಯೊಳಗಿನ ಯಂತ್ರದಲ್ಲಿಯೇ ಲೋಕವೆಲ್ಲ ದೊರೆಯುವಾಗ ಗ್ರಂಥಾಲಯವೇಕೆ ಎಂದು ಕೇಳುವವರುಂಟು. ಯಂತ್ರವು ಉಪಕಾರಿಯಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಅದು ನಾವು ಕೇಳಿದುದನ್ನೂ, ಹಿಂದೆ ಮೆಚ್ಚಿದುದನ್ನೂ ಬಹುಮಟ್ಟಿಗೆ ಮುಂದಿಡುತ್ತದೆ. ಕಪಾಟಿನ ಮುಂದೆ ನಿಂತವನಿಗಾದರೋ ಕೇಳದೆ ಇದ್ದ ಪುಸ್ತಕವು ಪಕ್ಕದಲ್ಲಿಯೇ ಎದುರಾಗುತ್ತದೆ. ಮೇಲಾಗಿ, ಒಂದು ಊರಿನ ಹಿರಿಯರೂ ಕಿರಿಯರೂ ಒಂದೇ ಮೇಜಿನ ಸುತ್ತ ಮೌನವಾಗಿ ಕುಳಿತು ಓದುವ ಸ್ಥಳವು ಮತ್ತಾವುದಿದೆ?

ಓದುಗರಿಲ್ಲದ ಗ್ರಂಥಾಲಯಕ್ಕೆ ಹೊಸ ಪುಸ್ತಕಗಳು ಬರುವುದು ಕಡಮೆಯಾಗುವುದು. ಹೊಸದು ಬಾರದ ಕಡೆಗೆ ಇದ್ದ ಓದುಗರೂ ಬಾರರು. ಕೊನೆಗೆ ಬೀಗವೊಂದೇ ಉಳಿಯುವುದು. ಈ ಕ್ರಮವನ್ನು ತಿರುಗಿಸುವುದು ಕಷ್ಟದ ಕೆಲಸವೇನೂ ಅಲ್ಲ. ಮನೆಗೊಬ್ಬರು ಸದಸ್ಯರಾಗಲಿ, ವಾರಕ್ಕೊಮ್ಮೆ ಮಕ್ಕಳ ಕೈಹಿಡಿದು ಹೋಗಲಿ, ಇಲ್ಲದ ಪುಸ್ತಕವನ್ನು ಬೇಕೆಂದು ಬರೆದುಕೊಡಲಿ, ಅಟ್ಟದಲ್ಲಿ ಧೂಳು ಹಿಡಿಯುತ್ತಿರುವ ಹಳೆಯ ಗ್ರಂಥಗಳನ್ನೂ ಓಲೆಗಳನ್ನೂ ತಕ್ಕ ಸಂಸ್ಥೆಗೆ ಒಪ್ಪಿಸಲಿ. ಆ ತಂಜಾವೂರಿನ ಪಂಡಿತರು ತಂದ ಕಟ್ಟಿನಂತಹುದು ಇನ್ನೂ ಯಾವ ಮನೆಯಲ್ಲಿ ಬಿಚ್ಚದೆ ಉಳಿದಿದೆಯೋ ಬಲ್ಲವರಾರು? ಕೂಡಿಡುವ ಧರ್ಮವನ್ನು ಪೂರ್ವಿಕರು ಸಲ್ಲಿಸಿದರು; ತೆರೆದಿಡುವ ಧರ್ಮವನ್ನು ಶಾಸನವು ಸಲ್ಲಿಸುತ್ತಿದೆ; ಓದುವ ಧರ್ಮವು ನಮ್ಮ ಪಾಲಿಗೆ ಉಳಿದಿದೆ. ಅದನ್ನು ವಾಚಕಮಹಾಶಯರು ತಮ್ಮ ಊರಿನ ಗ್ರಂಥಾಲಯದಲ್ಲಿಯೇ ಆರಂಭಿಸಬೇಕೆಂದು ಪ್ರಾರ್ಥನೆ.