ಗ್ರಾಮ ಆಡಳಿತ ಅಧಿಕಾರಿ ಹುದ್ದೆ: ಅರ್ಜಿ ಹೇಗೆ? ಆಯ್ಕೆ ಹೇಗೆ?

ಸರಕಾರಿ ಕೆಲಸ ನಮಗೆ ಸಿಗುವಂಥದ್ದಲ್ಲ, ಅದಕ್ಕೆ ವಶೀಲಿ ಬೇಕು, ದುಡ್ಡು ಬೇಕು ಎಂಬ ಮಾತು ನಮ್ಮ ಧರ್ಮಕೇಂದ್ರಗಳಲ್ಲಿ ಆಗಾಗ ಕೇಳಿಬರುತ್ತದೆ. ಇದನ್ನು ನಂಬಿ ಅರ್ಜಿಯನ್ನೇ ಹಾಕದ ಯುವಜನರು ಅನೇಕರಿದ್ದಾರೆ. ಅರ್ಜಿ ಹಾಕಿ, ಪರೀಕ್ಷೆ ಬರೆದು, ಅಂಕವನ್ನೂ ಪಡೆದು, ಕೊನೆಗೆ ಒಂದು ಪ್ರಮಾಣಪತ್ರವಿಲ್ಲದೆ ಅವಕಾಶ ಕಳೆದುಕೊಳ್ಳುವವರೂ ಇದ್ದಾರೆ. ಆದ್ದರಿಂದ ಒಂದು ಹುದ್ದೆ ಮತ್ತು ಒಂದು ಜಿಲ್ಲೆಯನ್ನು ಉದಾಹರಣೆಯಾಗಿ ತೆಗೆದುಕೊಂಡು ಆಯ್ಕೆಯ ಕ್ರಮವನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಹುದ್ದೆ ಗ್ರಾಮ ಆಡಳಿತ ಅಧಿಕಾರಿಯದು. ಜಿಲ್ಲೆ ಬೆಂಗಳೂರು ಗ್ರಾಮಾಂತರ. ಉದ್ಯೋಗ ಅರಸಿ ಹೋಗಿ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಕಡೆ ನೆಲೆಸಿರುವ ಕರಾವಳಿಯ ಕುಟುಂಬಗಳಿಗೆ ಇದು ನೇರವಾಗಿ ಉಪಯೋಗವಾದೀತು. ಮೀಸಲಾತಿ ಮತ್ತು ದಾಖಲೆಯ ಮೂಲ ನಿಯಮಗಳು ಮಂಗಳೂರು, ಉಡುಪಿಯವರಿಗೂ ಇವೇ.

ಹುದ್ದೆಯ ಹಿನ್ನೆಲೆ

ಊರಿನ ಲೆಕ್ಕ ಬರೆಯುವ ಶಾನುಭೋಗಿಕೆ ಒಂದು ಕಾಲದಲ್ಲಿ ವಂಶಪಾರಂಪರ್ಯವಾಗಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆಯಿಂದ ಆ ಪದ್ಧತಿ ಕೊನೆಗೊಂಡು, ಸರಕಾರವೇ ನೇಮಿಸುವ ಗ್ರಾಮ ಲೆಕ್ಕಿಗರು ಬಂದರು. ಅವರನ್ನೇ ಈಗ ಗ್ರಾಮ ಆಡಳಿತ ಅಧಿಕಾರಿ ಎನ್ನುತ್ತಾರೆ. ಪಹಣಿ, ಕಂದಾಯ, ಬೆಳೆ ಸಮೀಕ್ಷೆ, ಜಾತಿ ಮತ್ತು ಆದಾಯ ಪತ್ರಗಳ ವರದಿ ಎಲ್ಲವೂ ಇವರ ಕೈಯಿಂದಲೇ ಹಾದುಹೋಗುತ್ತವೆ. ಬಡವರು ಸರಕಾರವನ್ನು ಮೊದಲು ಕಾಣುವುದು ಇವರಲ್ಲೇ. ಜನಸೇವೆಯ ಮನಸ್ಸುಳ್ಳವರಿಗೆ ಇದು ಯೋಗ್ಯ ಕೆಲಸ.

ಹಿಂದೆ ಪಿಯುಸಿ ಅಂಕಗಳ ಆಧಾರದಲ್ಲಿ ಜಿಲ್ಲಾಧಿಕಾರಿ ಕಚೇರಿಯೇ ಆಯ್ಕೆ ಮಾಡುತ್ತಿತ್ತು. 2024ರಲ್ಲಿ 1000 ಹುದ್ದೆಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ರಾಜ್ಯಮಟ್ಟದ ಸ್ಪರ್ಧಾತ್ಮಕ ಪರೀಕ್ಷೆ ನಡೆಸಿತು.

ಅರ್ಹತೆ ಮತ್ತು ಪರೀಕ್ಷೆ

ಪಿಯುಸಿ ಅಥವಾ ತತ್ಸಮಾನ ವಿದ್ಯಾರ್ಹತೆ ಸಾಕು. 2024ರ ಅಧಿಸೂಚನೆಯಂತೆ ಕನಿಷ್ಠ ವಯಸ್ಸು 18. ಗರಿಷ್ಠ ಮಿತಿ ಸಾಮಾನ್ಯ ವರ್ಗಕ್ಕೆ 35, ಪ್ರವರ್ಗ 2ಎ, 2ಬಿ, 3ಎ, 3ಬಿಗೆ 38, ಪರಿಶಿಷ್ಟರು ಮತ್ತು ಪ್ರವರ್ಗ 1ಕ್ಕೆ 40 ವರ್ಷ.

ಮೊದಲು 150 ಅಂಕಗಳ ಕಡ್ಡಾಯ ಕನ್ನಡ ಪರೀಕ್ಷೆ. ಇದರಲ್ಲಿ ಕನಿಷ್ಠ 50 ಅಂಕ ಬರಲೇಬೇಕು. ಆದರೆ ಈ ಅಂಕ ಆಯ್ಕೆಯ ಲೆಕ್ಕಕ್ಕೆ ಸೇರುವುದಿಲ್ಲ. ಅನಂತರ ಎರಡು ಪತ್ರಿಕೆಗಳು: ಒಂದು ಸಾಮಾನ್ಯ ಜ್ಞಾನ, ಇನ್ನೊಂದು ಸಾಮಾನ್ಯ ಕನ್ನಡ, ಸಾಮಾನ್ಯ ಇಂಗ್ಲಿಷ್ ಮತ್ತು ಕಂಪ್ಯೂಟರ್ ಜ್ಞಾನ. ತಪ್ಪು ಉತ್ತರಕ್ಕೆ ಅಂಕ ಕಡಿತವಿದೆ. ಸಂದರ್ಶನವಿಲ್ಲ. ಈ ಎರಡು ಪತ್ರಿಕೆಗಳ ಅಂಕವೇ ನಿರ್ಣಾಯಕ. ಆಂಗ್ಲ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳು ಕನ್ನಡವನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಆಯ್ಕೆ ಪಟ್ಟಿ ಸಿದ್ಧವಾಗುವ ಬಗೆ

ಹುದ್ದೆಗಳ ಲೆಕ್ಕ ಜಿಲ್ಲಾವಾರು. ಹೀಗಾಗಿ ಒಂದೇ ಅಂಕಕ್ಕೆ ಒಂದು ಜಿಲ್ಲೆಯಲ್ಲಿ ಹುದ್ದೆ ಸಿಕ್ಕಿ, ಇನ್ನೊಂದರಲ್ಲಿ ಸಿಗದೆ ಹೋಗಬಹುದು. ಜಿಲ್ಲೆ ಆರಿಸುವ ಮುನ್ನ ಅಲ್ಲಿ ನಿಮ್ಮ ಪ್ರವರ್ಗಕ್ಕೆ ಎಷ್ಟು ಹುದ್ದೆಗಳಿವೆ ಎಂದು ಅಧಿಸೂಚನೆಯ ಪಟ್ಟಿಯಲ್ಲಿ ನೋಡಿರಿ. ಬೆಂಗಳೂರು ಗ್ರಾಮಾಂತರಕ್ಕೆ ‘ಬೆಂಗಳೂರು ಉತ್ತರ’ ಎಂದು ಹೆಸರಿಡಲು 2025ರ ಜುಲೈ 2ರಂದು ನಂದಿಬೆಟ್ಟದ ಸಚಿವ ಸಂಪುಟ ಸಭೆ ಒಪ್ಪಿಗೆ ನೀಡಿದೆ. ಹೆಸರು ನೋಡಿ ಗೊಂದಲಪಡಬೇಡಿ.

ಕರ್ನಾಟಕದಲ್ಲಿ ಕ್ರೈಸ್ತರು ಪ್ರವರ್ಗ 3ಬಿಗೆ ಸೇರುತ್ತಾರೆ. ಇದಕ್ಕೆ ಶೇ. 5 ಮೀಸಲಾತಿ, ವೀರಶೈವ ಲಿಂಗಾಯತರೂ ಇದೇ ಪ್ರವರ್ಗದಲ್ಲಿದ್ದಾರೆ. ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ 1ಕ್ಕೆ ಸೇರುತ್ತಾರೆ; ಅದಕ್ಕೆ ಶೇ. 4. ಜಿಲ್ಲೆಯಲ್ಲಿ 20 ಹುದ್ದೆಗಳಿವೆ ಎಂದಿಟ್ಟುಕೊಂಡರೆ 3ಬಿಗೆ ಬರುವುದು ಒಂದೇ. ಆದರೆ ಸಾಮಾನ್ಯ ಅರ್ಹತೆಯ ಹುದ್ದೆಗಳು ಯಾವ ಜಾತಿಗೂ ಮೀಸಲಲ್ಲ. ಹೆಚ್ಚು ಅಂಕ ಪಡೆದ 3ಬಿ ಅಭ್ಯರ್ಥಿಗೆ ಅಲ್ಲೇ ಹುದ್ದೆ ಸಿಕ್ಕಿದರೆ, 3ಬಿಯ ಹುದ್ದೆ ಮುಂದಿನವರಿಗೆ ಉಳಿಯುತ್ತದೆ. ಪ್ರತಿ ಪ್ರವರ್ಗದೊಳಗೆ ಮಹಿಳೆಯರು, ಗ್ರಾಮೀಣ ಅಭ್ಯರ್ಥಿಗಳು, ಕನ್ನಡ ಮಾಧ್ಯಮದವರು ಮುಂತಾದವರಿಗೆ ಒಳಪಾಲು ಇದೆ.

ಎಡವುವ ಜಾಗಗಳು

1. ಜಾತಿ ಮತ್ತು ಆದಾಯ ಪತ್ರ: 3ಬಿಯವರಿಗೆ ತಹಶೀಲ್ದಾರರು ಕೊಡುವ ನಮೂನೆ ಎಫ್, ಪ್ರವರ್ಗ 1ಕ್ಕೆ ನಮೂನೆ ಇ. 3ಬಿಯಲ್ಲಿ ಕೆನೆಪದರದ ವಾರ್ಷಿಕ ಆದಾಯ ಮಿತಿ 8 ಲಕ್ಷ ರೂಪಾಯಿ. ಅರ್ಜಿಯ ಕೊನೆಯ ದಿನಾಂಕದೊಳಗೆ ಪತ್ರ ಕೈಯಲ್ಲಿರಬೇಕು. ಆಯ್ಕೆಯಾದ ಮೇಲೆ ಮಾಡಿಸಿಕೊಳ್ಳೋಣ ಎಂದರೆ ನಡೆಯದು. ಚರ್ಚಿನ ದೀಕ್ಷಾಸ್ನಾನ ಪತ್ರ ಇದಕ್ಕೆ ಬದಲಿಯಲ್ಲ.

2. ಗ್ರಾಮೀಣ ಮೀಸಲಾತಿ: ಜಿಲ್ಲೆಯ ಹೆಸರು ‘ಗ್ರಾಮಾಂತರ’ ಎಂದ ಮಾತ್ರಕ್ಕೆ ಅಲ್ಲಿ ಓದಿದವರೆಲ್ಲ ಗ್ರಾಮೀಣ ಅಭ್ಯರ್ಥಿಗಳಲ್ಲ. 1ರಿಂದ 10ನೇ ತರಗತಿಯವರೆಗೂ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ದೊಡ್ಡಬಳ್ಳಾಪುರ, ಹೊಸಕೋಟೆಯ ನಗರಸಭೆ ವ್ಯಾಪ್ತಿಯ ಶಾಲೆ ಲೆಕ್ಕಕ್ಕೆ ಬಾರದು. ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿಯೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜುವೂ ಬೇಕು.

3. ಹೆಸರು: ಡಿಸೋಜ ಒಂದು ಕಡೆ, ಡಿಸೋಜಾ ಇನ್ನೊಂದು ಕಡೆ, ಆಧಾರದಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಎರಡು. ಅರ್ಜಿಯಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹೆಸರು ಮತ್ತು ಜನ್ಮದಿನಾಂಕವನ್ನೇ ಬರೆಯಿರಿ. ಇತರ ದಾಖಲೆಗಳನ್ನು ಅದಕ್ಕೆ ಸರಿಯಾಗಿ ಈಗಲೇ ತಿದ್ದಿಸಿಕೊಳ್ಳಿ.

4. ಅರ್ಜಿಯಲ್ಲಿ ಕೇಳದ ಮೀಸಲಾತಿ ಅನಂತರ ಸಿಗುವುದಿಲ್ಲ. ಶುಲ್ಕ ಪಾವತಿಯಾಗದ ಅರ್ಜಿ ಅರ್ಜಿಯೇ ಅಲ್ಲ.

ದುಡ್ಡು ಕೊಡಬೇಡಿ

2021ರ ಅಕ್ಟೋಬರ್ 3ರಂದು 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಸರಕಾರ ಆ ಆಯ್ಕೆಯನ್ನೇ ರದ್ದುಮಾಡಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ದುಡ್ಡು ಕೊಟ್ಟವರು ಪೊಲೀಸ್ ಮೊಕದ್ದಮೆಗೆ ಸಿಕ್ಕಿದರು. ಪ್ರಾಮಾಣಿಕವಾಗಿ ಓದಿದವರು ಎರಡು ವರ್ಷಕ್ಕೂ ಹೆಚ್ಚು ಕಾಲ ಕಾದರು. ಪರೀಕ್ಷಾ ಅಕ್ರಮ ತಡೆಯಲು 2023ರಲ್ಲಿ ರಾಜ್ಯ ಕಠಿಣ ಕಾಯಿದೆಯನ್ನೇ ತಂದಿದೆ. ಹೊಲ ಅಡವಿಟ್ಟು ದಲ್ಲಾಳಿಗೆ ಕೊಟ್ಟ ಹಣದಿಂದ ಬರುವುದು ಹುದ್ದೆಯಲ್ಲ, ಸಾಲ. ಅಷ್ಟೇ ಅಲ್ಲ, ಅದು ಓದಿ ಅಂಕ ಪಡೆದ ಇನ್ನೊಬ್ಬ ಬಡವನ ಅನ್ನ ಕಸಿಯುವ ಪಾಪ.

ಧರ್ಮಕೇಂದ್ರಗಳು ಏನು ಮಾಡಬಹುದು?

ಅಧಿಸೂಚನೆ ಬಂದಾಗ ಭಾನುವಾರದ ಪೂಜೆಯ ನಂತರ ಪ್ರಕಟಣೆ ಮಾಡಬಹುದು. ಗುರಿಕಾರರು ತಮ್ಮ ವಾಳೆಯಲ್ಲಿ ಪಿಯುಸಿ ಮುಗಿಸಿದವರ ಪಟ್ಟಿ ಮಾಡಿ, ಜಾತಿ ಮತ್ತು ಆದಾಯ ಪತ್ರ ಇದೆಯೇ ಎಂದು ವಿಚಾರಿಸಬಹುದು. ಇಲ್ಲದವರನ್ನು ನಾಡಕಚೇರಿಗೆ ಕಳುಹಿಸಬಹುದು. ಶಾಲೆ ನಡೆಸುವ ಧರ್ಮಭಗಿನಿಯರು ವ್ಯಾಸಂಗ ಪ್ರಮಾಣಪತ್ರಗಳನ್ನು ತಡಮಾಡದೆ ಕೊಡಬಹುದು. ಸಂಜೆ ಖಾಲಿಯಿರುವ ಸಭಾಭವನದ ಒಂದು ಕೋಣೆಯಲ್ಲಿ ನಾಲ್ಕು ಮೇಜು, ಒಂದು ದಿನಪತ್ರಿಕೆ, ಹಳೆಯ ಪ್ರಶ್ನೆಪತ್ರಿಕೆಗಳಿದ್ದರೆ ಓದುವವರು ಬಂದೇ ಬರುತ್ತಾರೆ.

ಪ್ರತಿ ನೇಮಕಾತಿಯಲ್ಲೂ ದಿನಾಂಕ, ಶುಲ್ಕ, ವಯೋಮಿತಿ ಬದಲಾಗಬಹುದು. ಆದ್ದರಿಂದ ಅಧಿಸೂಚನೆಯನ್ನು ಮೊದಲಿನಿಂದ ಕೊನೆಯವರೆಗೆ ನೀವೇ ಓದಿರಿ. ಓದುವುದು ಅಭ್ಯರ್ಥಿಯ ಕೆಲಸ. ದಾಖಲೆ ಸಕಾಲಕ್ಕೆ ಸಿದ್ಧವಾಗುವಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಕೆಲಸ.